ಟೇಬಲ್ ಅಕ್ಕನಿಗೊಂದು ಕುರ್ಚಿ

ಟೇಬಲ್ ಅಕ್ಕ ಯಾರಿಗೇ ಫೋನ್ ಮಾಡಲಿ, ಸಂಜೆ ಆರೂವರೆಗೇ ಮಾಡುತ್ತಿದ್ದಳು. ಆರೂಕಾಲಿಗಲ್ಲ, ಏಳಕ್ಕಲ್ಲ. ಆರೂವರೆ ಎಂದರೆ ಯಾವ ಮನೆಯಲ್ಲಾದರೂ ಒಲೆಯ ಮೇಲೊಂದು ಪಾತ್ರೆ ಕುದಿಯುತ್ತಿರುವ, ಯಾರೋ ಹೊರಗಿನಿಂದ ಬಂದು ಚೀಲ ಬಿಸಾಡಿ ಹಸಿವು ಎನ್ನುವ, ಒಗೆದ ಬಟ್ಟೆ ಮಡಚುವವರಿಲ್ಲದೆ ಕುರ್ಚಿಯ ಮೇಲೆ ಗುಡ್ಡೆ ಬಿದ್ದಿರುವ ಹೊತ್ತು. ಅವಳು ಕೇಳುತ್ತಿದ್ದ ಪ್ರಶ್ನೆಗಳೆಲ್ಲ ಬರೀ ನೆಪ. "ನಿಮಗೆ ಯುದ್ಧ ಇಷ್ಟವೋ, ಮಾತುಕತೆ ಇಷ್ಟವೋ?" ಎನ್ನುವಳು. ಆ ಕಡೆಯವರು ಕತ್ತಿ, ಗುರಾಣಿ, ಮಂತ್ರ ಎಂದು ಉತ್ಸಾಹದಿಂದ ಶುರುಮಾಡಿದರೆ ಇವಳ ಕಿವಿ ಆ ಉತ್ತರವನ್ನು ದಾಟಿ, ಅವರ ಮನೆಯೊಳಗೆ ಹೊಕ್ಕು, ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿತ್ತು.

ಹಿಂದುಗಡೆ ಸದ್ದಿಲ್ಲದಿದ್ದರೆ ನೋಟ್‌ಬುಕ್ಕಿನಲ್ಲಿ ಒಂದು ಸರಿ ಗುರುತು. ಯಾರೋ ಕರೆದು, "ಒಂದು ನಿಮಿಷ ಇರಿ" ಎಂದು ಮಾತಾಡುತ್ತಿದ್ದವರು ಎದ್ದು ಹೋದರೆ ಒಂದು ಇಂಟು ಗುರುತು. ಇಷ್ಟೇ ಅವಳ ವಿದ್ಯೆ. ಬೆಳಗ್ಗೆ ಒಂಬತ್ತರಿಂದ ಎರಡರವರೆಗೆ ಹಲ್ಲಿನ ಆಸ್ಪತ್ರೆಯೊಂದರ ಮುಂದಿನ ಮೇಜಿನಲ್ಲಿ ಕೂತು, ಸಮಯ ಪಡೆದವರಲ್ಲಿ ಯಾರು ಬರುತ್ತಾರೆ, ಯಾರು ಬಾಯಿ ಊದಿಕೊಂಡರೂ ತಪ್ಪಿಸಿಕೊಳ್ಳುತ್ತಾರೆ ಎಂದು ದನಿ ಕೇಳಿಯೇ ಹೇಳಬಲ್ಲವಳಾಗಿದ್ದಳು. ಆ ಕಿವಿಯನ್ನೇ ಸಂಜೆ ಈ ಕೆಲಸಕ್ಕೆ ಹಚ್ಚಿದ್ದಳು.

ಈ ಕೆಲಸ ಏನೆಂದು ಅತ್ತೆಗೆ ವಿವರಿಸುವುದರಲ್ಲೇ ಆರು ವರ್ಷ ಕಳೆದಿತ್ತು.

"ಆಟ ಅಂತೀಯ. ಚೆಂಡಿಲ್ಲ, ಇಸ್ಪೀಟಿಲ್ಲ."

"ನಾಲ್ಕೈದು ಜನ ಅವರವರ ಮನೇಲಿ ಕಂಪ್ಯೂಟರ್ ಮುಂದೆ ಕೂತ್ಕೋತಾರೆ ಅತ್ತೆ. ಅದನ್ನೇ ಟೇಬಲ್ ಅನ್ನೋದು. ಒಬ್ಬರು ಕಥೆ ನಡೆಸ್ತಾರೆ, ಅವರು ಗೇಮ್ ಮಾಸ್ಟರು. ಉಳಿದವರದ್ದು ಒಂದೊಂದು ಪಾತ್ರ. ಮುಂದೆ ಕಾಡಿದೆ, ಏನ್ಮಾಡ್ತೀರಿ ಅಂತ ಮಾಸ್ಟರು ಕೇಳ್ತಾರೆ. ನಾನು ಮರ ಹತ್ತುತ್ತೀನಿ ಅಂತ ಒಬ್ಬ ಅಂತಾನೆ. ಹತ್ತಿದನೋ ಬಿದ್ದನೋ, ದಾಳ ಹೇಳುತ್ತೆ."

"ಕೂತಲ್ಲೇ ಹತ್ತೋದಾ?"

"ಕೂತಲ್ಲೇ."

"ನಿಮ್ಮ ಮಾವನೂ ಹಾಗೇ ಇದ್ರು. ಕೂತಲ್ಲೇ ಇಡೀ ಪ್ರಪಂಚ ಗೆದ್ದು ಬರ್ತಿದ್ರು. ಅಂಥವರಿಗೆ ಜೊತೆ ಹುಡುಕಿಕೊಡೋಕೆ ನೀನೊಬ್ಬಳು ಬೇರೆ ಬೇಕಾ?"

ಬೇಕಿತ್ತು. ಟೇಬಲ್ ಹಾಕುವುದು ಸುಲಭ, ಉಳಿಸುವುದು ಕಷ್ಟ. ಮೂರನೇ ವಾರಕ್ಕೆ ಒಬ್ಬ ಹೇಳದೆ ಕೇಳದೆ ಮಾಯ, ಐದನೇ ವಾರಕ್ಕೆ ಇಬ್ಬರ ನಡುವೆ ಜಗಳ, ಏಳನೇ ವಾರ ಮಾಸ್ಟರೊಬ್ಬರೇ ಖಾಲಿ ಪರದೆಯ ಮುಂದೆ. ಅದಕ್ಕೇ ಒಬ್ಬರಿಗೊಬ್ಬರು ಹೊಂದುವವರನ್ನು ಹುಡುಕಿ ಎಂದು ಇವಳ ಬಳಿ ಬರುತ್ತಿದ್ದರು. ಹೆಣ್ಣು ನೋಡಲು ಬಂದವರಿಗೆ ಇರುವಷ್ಟೇ ಬೇಡಿಕೆ ಇವರಿಗೂ. ತೆರಿಗೆ ಲೆಕ್ಕಿಗರೊಬ್ಬರು ತಮ್ಮ ಕಾಲ್ಪನಿಕ ರಾಜ್ಯದ ಅರವತ್ತನಾಲ್ಕು ಪುಟದ ಚರಿತ್ರೆಯನ್ನು ಓದಿಕೊಂಡು ಬರುವ ಆಟಗಾರರೇ ಬೇಕೆನ್ನುತ್ತಿದ್ದರು. ಹನ್ನೊಂದು ನದಿಗಳ ಹೆಸರು ಬಾಯಿಪಾಠ ಆಗಿರಬೇಕಂತೆ. ಹೆಂಡತಿಯ ಚಿಕ್ಕಮ್ಮನ ಹೆಸರು ಮರೆತು ಅವರ ಮನೆಯಲ್ಲಿ ರಂಪವಾದದ್ದು ಬೇರೆ ಮಾತು. ಡ್ರೈವಿಂಗ್ ಕಲಿಸುವವನೊಬ್ಬ, "ಒಬ್ಬಳು ಹುಡುಗಿ ಇದ್ರೆ ಒಳ್ಳೇದು, ಟೇಬಲ್‌ಗೆ ಒಂದು ಕಳೆ ಬರುತ್ತೆ, ಆದ್ರೆ ಜಾಸ್ತಿ ಮಾತಾಡಬಾರದು" ಎಂದಿದ್ದ. ಮಾತಾಡುವುದೇ ಆಟವಾಗಿರುವಲ್ಲಿ ಮಾತಾಡದ ಆಟಗಾರ್ತಿ ಬೇಕೆಂದವನಿಗೆ ಇವಳು ಒಂದು ಹೂದಾನಿಯ ಫೋಟೋ ಕಳಿಸಿ ಸುಮ್ಮನಾಗಿದ್ದಳು.

ಆಟಗಾರರೇನು ಕಮ್ಮಿ? ಪ್ರತಿ ವಾರ ತಪ್ಪದೆ ಬರುವ, ಬರುವ ಮೊದಲು ನೆನಪಿಸುವ, ಯಾರಿಗೆ ಏನು ಇಷ್ಟವೆಂದು ಗುರುತಿಟ್ಟುಕೊಳ್ಳುವ, ಜಗಳ ಬಿಡಿಸುವ, ತಾನು ಮಾತ್ರ ಎಂದೂ ಸಿಡುಕದ ಮಾಸ್ಟರು ಬೇಕು ಅವರಿಗೆ. ಒಟ್ಟಿನಲ್ಲಿ ಇನ್ನೊಬ್ಬಳು ತಾಯಿ ಬೇಕು. ಈ ಅರ್ಜಿಗಳನ್ನು ಓದುವಾಗಲೆಲ್ಲ ಟೇಬಲ್ ಅಕ್ಕನಿಗೆ ಮಾಸ್ಟರುಗಳ ಮೇಲೆ ಮರುಕ ಹುಟ್ಟುತ್ತಿತ್ತು. ವಾರವಿಡೀ ತಯಾರಿ ಮಾಡಿದರೂ, ಆಡುವವರು ಅರ್ಧಗಂಟೆ ತಡವಾಗಿ ಬಂದು, ಚೆನ್ನಾಗಿತ್ತು ಎಂದೂ ಹೇಳದೆ ಎದ್ದು ಹೋಗುವ ಕೆಲಸ ಅವಳಿಗೆ ಹೊಸದೇನಲ್ಲ.

ಅಂತೂ ಅವಳ ಟೇಬಲ್‌ಗಳು ಮುರಿಯುತ್ತಿರಲಿಲ್ಲ. ಅವಳು ಕೂರಿಸಿದವರು ಕೂತೇ ಇರುತ್ತಾರೆ ಎಂದು ಹೆಸರಾಗಿತ್ತು. ಟೇಬಲ್ ಅಕ್ಕ ಎಂಬ ಹೆಸರೂ ಹಾಗೆ ಬಂದದ್ದು. ಕೂರಿಸಿದ್ದು ಮುನ್ನೂರಕ್ಕೂ ಹೆಚ್ಚು ಜನರನ್ನು. ಆರು ವರ್ಷದಲ್ಲಿ ತಾನೊಂದು ದಿನವೂ ಆಡಿರಲಿಲ್ಲ.

ಆಡಬೇಕೆಂಬ ಆಸೆ ಇತ್ತೇ ಎಂದು ಯಾರೂ ಕೇಳಿರಲಿಲ್ಲ. ಇತ್ತು. ಪಾತ್ರೆ ತೊಳೆಯುತ್ತಾ ಬೇರೆಯವರ ಆಟದ ಧ್ವನಿಮುದ್ರಿಕೆ ಕೇಳುವಾಗ, "ಅಯ್ಯೋ ದಡ್ಡ, ಸೇತುವೆ ಕಡೆಗೆ ಹೋಗೋ!" ಎಂದು ನಲ್ಲಿಯ ಮುಂದೆ ಕೂಗಿಬಿಡುವಷ್ಟು ಇತ್ತು.

ಅಂಥದ್ದರಲ್ಲಿ ನರ್ಸ್ ಒಬ್ಬಳ ಟೇಬಲ್‌ನಲ್ಲಿ ಒಂದು ಜಾಗ ಖಾಲಿಯಾಯಿತು. ನರ್ಸ್ ದೊಡ್ಡಾಸ್ಪತ್ರೆಯ ವಾರ್ಡಿನವಳು, ಮಾಸ್ಟರಾಗಿ ಅವಳಿಗೆ ಭಾರಿ ಹೆಸರು. ಅವಳು "ಬಾಗಿಲು ಕಿರುಗುಟ್ಟಿತು" ಎಂದರೆ ಕೇಳುವವರು ತಮ್ಮ ಮನೆಯ ಬಾಗಿಲನ್ನು ತಿರುಗಿ ನೋಡುತ್ತಿದ್ದರು. ಭಾನುವಾರ ಮಧ್ಯಾಹ್ನ ನಾಲ್ಕರಿಂದ ಏಳರವರೆಗೆ ಆಟ. ಮೂವರು ಆಟಗಾರರು, ಮೂವರೂ ಟೇಬಲ್ ಅಕ್ಕನೇ ಆರಿಸಿ ಕೊಟ್ಟವರು. ನಾಲ್ಕನೆಯವರು ಊರು ಬದಲಿಸಿದ್ದರು. ಆ ಜಾಗಕ್ಕೆ ಬ್ಯಾಂಕ್ ಮ್ಯಾನೇಜರೊಬ್ಬರ ಅರ್ಜಿ ಬಂದಿತ್ತು. ಆರೂವರೆಗೆ ಫೋನ್ ಮಾಡಿದಾಗ ಅವರ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಲೈನ್ ಕಟ್ಟಾಯಿತೇ ಎಂದು ಎರಡು ಸಲ ಕೇಳಬೇಕಾಯಿತು. ದೊಡ್ಡದೊಂದು ಸರಿ ಗುರುತು ಹಾಕಿದಳು. ಹಾಕಿ, ಪೆನ್ನು ಕೆಳಗಿಡದೆ ತುಂಬ ಹೊತ್ತು ಕೂತಿದ್ದಳು. ಆಮೇಲೆ ನರ್ಸ್‌ಗೆ ಒಂದು ಸಾಲು ಬರೆದಳು: ಆ ಜಾಗ ನನಗೇ ಬೇಕಿತ್ತು.

ಮರುದಿನ ಆರೂವರೆಗೆ ಸರಿಯಾಗಿ ಫೋನ್ ಬಂತು.

"ಅಕ್ಕಾ, ನಿಮಗೆ ಯುದ್ಧ ಇಷ್ಟವೋ, ಮಾತುಕತೆ ಇಷ್ಟವೋ?"

"ಏನೇ ಇದು, ನನಗೇ ಪರೀಕ್ಷೆನಾ?" ಎಂದು ಅವಳು ನಕ್ಕಳು.

"ನೀವು ಹಾಕಿಕೊಟ್ಟ ದಾರಿ ಅಲ್ವಾ. ಹೇಳಿ."

ಅವಳು ಹೇಳತೊಡಗಿದಳು. ಯುದ್ಧಕ್ಕಿಂತ ತನಗೆ ಗುಟ್ಟುಗಳಿಷ್ಟ, ಮುಚ್ಚಿದ ಬಾಗಿಲ ಹಿಂದೆ ಏನಿದೆ ಎಂದು...

"ಇವಳೇ, ನನ್ನ ನೀಲಿ ಫೈಲ್ ಎಲ್ಲಿ?" ಇದು ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಗಂಡ, ಫೈಲಿಗೆ ಮೊಣಕೈ ಊರಿಕೊಂಡೇ ಕೇಳಿದ್ದು. ಒಂದು ನಿಮಿಷ ಎಂದು ಹೋಗಿ ಬಂದಳು. ಕೂರುವಷ್ಟರಲ್ಲಿ ಕುಕ್ಕರ್ ಕೂಗಿತು. ಆಮೇಲೆ ಬಚ್ಚಲಿನಿಂದ ಕಾಲೇಜಿಗೆ ಹೋಗುವ ಮಗಳು, "ಅಮ್ಮಾ, ಟವೆಲ್!" ಆಮೇಲೆ ಅತ್ತೆಗೆ ಟೀವಿಯ ದನಿ ಏರಿಸಬೇಕಿತ್ತು. ಆಮೇಲೆ ಬಾಗಿಲ ಗಂಟೆ ಹೊಡೆಯಿತು. ಹಾಲ್‌ನಲ್ಲಿ ಮೂವರಿದ್ದರು, ಮೂವರೂ ಬಾಗಿಲನ್ನು ನೋಡಿ, ನಂತರ ಅವಳನ್ನು ನೋಡಿದರು. ಕೊನೆಗೆ, "ಕುಕ್ಕರ್ ಆಗಲೇ ಕೂಗಿತ್ತಲ್ಲ, ಆರಿಸಿದೆಯಾ?" ಎಂದು ಕೇಳಲು ಗಂಡ ಮತ್ತೆ ಕರೆದ.

"ಆರು ಸಲ ಎದ್ರಿ ಅಕ್ಕಾ," ಎಂದಳು ನರ್ಸ್.

"ಇವತ್ತು ಸ್ವಲ್ಪ ಗಡಿಬಿಡಿ..."

"ನಂಗೂ ನೀವು ಫೋನ್ ಮಾಡಿದ ದಿನ ಸ್ವಲ್ಪ ಗಡಿಬಿಡಿ ಇತ್ತು."

"ನಿಂಗಾ? ಯಾವಾಗ?"

"ಆರು ವರ್ಷದ ಹಿಂದೆ. ಅಪ್ಪನಿಗೆ ಹುಷಾರಿರಲಿಲ್ಲ, ಕರೀತಾನೇ ಇದ್ರು. ನಾನು ನಾಲ್ಕು ಸಲ ಎದ್ದೆ. ನಿಮಗೆ ಹೊಂದೋ ಟೇಬಲ್ ಸದ್ಯಕ್ಕಿಲ್ಲ ಅಂದ್ರಿ. ಅದಕ್ಕೇ ನಾನೇ ಟೇಬಲ್ ಹಾಕಿದ್ದು. ಮಾಸ್ಟರು ಎದ್ದು ಹೋದ್ರೆ ಎಲ್ಲರೂ ಕಾಯ್ತಾರೆ ಅಕ್ಕಾ. ಆಟಗಾರ್ತಿ ಎದ್ರೆ ಯಾರು ಕಾಯ್ತಾರೆ?"

ಟೇಬಲ್ ಅಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ನರ್ಸೇ ಮುಂದುವರಿಸಿದಳು.

"ನಾನು ಕಾಯ್ತೀನಿ. ಆದ್ರೆ ಉಳಿದ ಮೂವರು ನೀವೇ ಆರಿಸಿದವರು, ಕೂತರೆ ಏಳದವರು. ಅವರನ್ನ ಕೇಳಿದೆ. ಮುಂದಿನ ಭಾನುವಾರ ಒಂದು ಸಲ ಬನ್ನಿ ಅಂದಿದ್ದಾರೆ. ಎರಡು ಸಲಕ್ಕಿಂತ ಜಾಸ್ತಿ ಎದ್ರೆ ಬ್ಯಾಂಕಿನವರನ್ನೇ ಕರೆಯೋಣ ಅಂತೆ."

ಫೋನಿಟ್ಟ ಮೇಲೆ ಅವಳು ನೋಟ್‌ಬುಕ್ ತೆಗೆದಳು. ಇಂಟು ಗುರುತಿನವರ ಪಟ್ಟಿಯನ್ನು ಈವರೆಗೆ ಒಟ್ಟಿಗೆ ಓದಿದ್ದೇ ಇಲ್ಲ. ಶಿಕ್ಷಕಿ. ಟೈಲರಮ್ಮ. ಎರಡು ಮಕ್ಕಳ ತಾಯಿ, ಒಳ್ಳೆ ದನಿ. ಔಷಧಿ ಅಂಗಡಿಯವಳು. ಸೊಸೆ, ಹಿಂದೆ ತುಂಬ ಗದ್ದಲ. ಐವತ್ತೆರಡು ಜನರಲ್ಲಿ ನಲವತ್ತೊಂಬತ್ತು ಮಂದಿ ಹೆಂಗಸರು. ಸರಿ ಗುರುತು ಬಿದ್ದ ಮನೆಗಳನ್ನು ನೆನೆದಳು. ಆ ನಿಶ್ಶಬ್ದ ತಾನಾಗಿ ಇತ್ತು ಎಂದುಕೊಂಡಿದ್ದಳಲ್ಲ! ಬ್ಯಾಂಕ್ ಮ್ಯಾನೇಜರಂಥವರು ಮಾತಾಡುತ್ತಿದ್ದಾಗ ಯಾರೋ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ ಸದ್ದು, ಮಗುವಿಗೆ ಶ್ ಎಂದ ಸದ್ದು, ಕುಕ್ಕರಿನ ಸೀಟಿಯನ್ನು ಚಮಚದಿಂದ ಎತ್ತಿ ಉಸಿರು ಬಿಡಿಸಿದ ಸದ್ದು, ಎಲ್ಲವೂ ಇವಳ ಕಿವಿಗೆ ಬಿದ್ದಿತ್ತು. ಕೇಳಿಸಿಕೊಂಡೇ ಸರಿ ಹಾಕಿದ್ದಳು. ಮನೆಗೆಲಸ ಯಾರ ಕೈಯಲ್ಲಿದೆ ಎಂದು ಪತ್ತೆಮಾಡಿ, ಮಾಡದವರಿಗೆ ಬಹುಮಾನ ಹಂಚುವ ಕೆಲಸವನ್ನು ಆರು ವರ್ಷ ಚಾಚೂ ತಪ್ಪದೆ ಮಾಡಿದ್ದಳು.

ನಾಚಿಕೆಯಾಯಿತು. ಆದರೂ ಕುರ್ಚಿ ಬೇಕೇ ಬೇಕಿತ್ತು. ನಾಚಿಕೆಯಾದ ಮಾತ್ರಕ್ಕೆ ಆಸೆ ಹೋಗುತ್ತದೆಯೇ?

ಮೂರು ಗಂಟೆ ಕೂರುವುದಕ್ಕೆ ಅವಳು ಮೂರು ದಿನ ನಿಂತಳು. ಗುರುವಾರ ಎಲ್ಲರ ಬಟ್ಟೆ ಒಗೆದು ಇಸ್ತ್ರಿ ಮಾಡಿದಳು. ಶುಕ್ರವಾರ ಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದಳು. ಸಕ್ಕರೆ ಡಬ್ಬಿಯ ಮೇಲೆ ಸಕ್ಕರೆ ಎಂದು ಬರೆಯುವಾಗ, ಇಪ್ಪತ್ತೊಂದು ವರ್ಷದಿಂದ ಅದರಲ್ಲೇ ಸಕ್ಕರೆ ಇದೆಯಲ್ಲ ಎನಿಸಿ ಒಂದು ಕ್ಷಣ ಕೈ ನಿಂತಿತು. ಶನಿವಾರದ ಕೆಲಸ ಭಾನುವಾರದ ಎರಡೂ ಹೊತ್ತಿನ ಅಡುಗೆ, ಸಂಜೆಯ ತಿಂಡಿ, ಫ್ಲಾಸ್ಕ್ ತೊಳೆದಿಡುವುದು. ಅಷ್ಟಾದ ಮೇಲೆ ಮೂವರನ್ನೂ ಕೂರಿಸಿಕೊಂಡು ಹೇಳಿದಳು.

"ನಾಲ್ಕರಿಂದ ಏಳು. ನಾನು ಮನೇಲಿಲ್ಲ ಅಂದ್ಕೊಳ್ಳಿ."

"ಇರ್ತೀಯಲ್ಲ?" ಎಂದ ಗಂಡ.

"ಹಿಂದಿನ ರೂಮಲ್ಲಿ ಇರ್ತೀನಿ. ಆದ್ರೆ ಇಲ್ಲ ಅಂದ್ಕೊಳ್ಳಿ ರೀ."

"ಇದ್ದೂ ಇಲ್ಲ ಅಂದ್ಕೊಳ್ಳೋದು ಕಷ್ಟ ಅಲ್ವಾ?"

ಅತ್ತೆ ತರಕಾರಿ ಹೆಚ್ಚುತ್ತಾ ತಲೆಯೆತ್ತಲಿಲ್ಲ. "ನಿಂಗೇನೋ ಕಷ್ಟ? ನಿಮ್ಮಪ್ಪ ಐವತ್ತು ವರ್ಷ ನನ್ನನ್ನ ಹಾಗೇ ಅಂದ್ಕೊಂಡಿದ್ರು."

ಗಂಡ ಆ ರಾತ್ರಿ ಸ್ನೇಹಿತನಿಗೆ ಫೋನಿನಲ್ಲಿ, "ನಾಳೆ ನನ್ನ ಹೆಂಡ್ತಿಗೆ ರಜಾ ಕೊಟ್ಟಿದ್ದೀನಿ. ನಾನು ಯಾವತ್ತೂ ಅವಳನ್ನ ತಡೆದವನಲ್ಲಪ್ಪ" ಎನ್ನುತ್ತಿದ್ದ. ಅದು ನಿಜವೇ. ತಡೆದಿರಲಿಲ್ಲ, ಕರೆದಿದ್ದ ಅಷ್ಟೇ.

ಭಾನುವಾರ ನಾಲ್ಕಕ್ಕೆ ಹಿಂದಿನ ರೂಮಿನ ಬಾಗಿಲು ಮುಂದೆ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಕೂತಳು. ಪರದೆಯ ಮೇಲೆ ನರ್ಸ್, ಗಣಿತದ ಲೆಕ್ಚರರ್, ಕನ್ನಡಕದ ಅಂಗಡಿಯವರು, ಜಮೀನು ಅಳೆಯುವ ಸರ್ವೇಯರ್.

"ನಮ್ಮ ತಂಡಕ್ಕೆ ಗಾಯ ಕಟ್ಟೋರು, ಅಡುಗೆ ಮಾಡೋರು ಯಾರೂ ಇಲ್ಲ ಮೇಡಂ," ಎಂದರು ಲೆಕ್ಚರರ್, ಸುಳಿವು ಕೊಡುವ ದನಿಯಲ್ಲಿ. ಅವರ ಪಾತ್ರ ಮಹಾ ಖಡ್ಗವೀರ.

"ನಾನು ಬಿಲ್ಲುಗಾರ್ತಿ," ಎಂದಳು ಟೇಬಲ್ ಅಕ್ಕ.

"ನಿನ್ನ ಮನೆ ಎಲ್ಲಿ ಬಿಲ್ಲುಗಾರ್ತಿ?" ಎಂದು ನರ್ಸ್ ಕಥೆಯ ದನಿಯಲ್ಲಿ ಕೇಳಿದಳು.

"ಮನೆ ಇಲ್ಲ."

"ಮನೆಯವರು?"

"ಇಲ್ಲ."

"ಕೈಯಲ್ಲಿ ಏನೇನಿದೆ?"

"ಒಂದು ಬಿಲ್ಲು, ಇಪ್ಪತ್ತು ಬಾಣ. ಒಂದು ಚಮಚ ಕೂಡ ಇಲ್ಲ."

ಹಾಗಾಗಿ ಮೊದಲ ಬಿಡಾರದಲ್ಲಿ ಬೆಂಕಿ ಹೊತ್ತಿಸುವ ಕೆಲಸ ಖಡ್ಗವೀರನ ಪಾಲಿಗೆ ಬಂತು. ಲೆಕ್ಚರರ್ ಇಪ್ಪತ್ತು ಮುಖದ ದಾಳ ಉರುಳಿಸಿದರು, ಒಂದು ಬಿತ್ತು. ಇಬ್ಬರು ರಾಕ್ಷಸರನ್ನು ಒಂದೇ ಏಟಿಗೆ ಕಡಿದಿದ್ದ ವೀರನ ಗಡ್ಡ ಸುಟ್ಟಿತು. ಟೇಬಲ್ ಅಕ್ಕ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮನೆಯಲ್ಲಿ ಈ ರೀತಿ ನಕ್ಕು ಎಷ್ಟು ದಿನವಾಗಿತ್ತೋ.

ನಾಲ್ಕೂವರೆಗೆ ಮಗಳು ಬಾಗಿಲು ತಳ್ಳಿ, "ಅಮ್ಮಾ, ನನ್ನ ಚಾರ್ಜರ್?" ಎಂದಳು. ಬಾಯಲ್ಲಿ ಹೇಳಿದರೆ ಸಿಗದು ಎಂದು ಗೊತ್ತಿದ್ದರಿಂದ ಎದ್ದು ಹೋಗಿ ತೆಗೆದುಕೊಟ್ಟಳು. ಅದು ಒಂದು. ಐದಕ್ಕೆ ಅತ್ತೆಗೆ ಕಣ್ಣಿನ ಹನಿ ಹಾಕಬೇಕಿತ್ತು. ಮಗನ ಕೈ ನಡುಗುತ್ತದಂತೆ, ಮೊಮ್ಮಗಳಿಗೆ ಕಣ್ಣೆಂದರೆ ಭಯವಂತೆ. ಅದು ಎರಡು. ಅವಳು ಮರಳಿ ಬಂದಾಗ ಮೂವರು ಗಂಡಸರೂ ತುಂಬ ಸೌಜನ್ಯದಿಂದ ಸುಮ್ಮನಿದ್ದರು. ಆ ಸೌಜನ್ಯದ ಅರ್ಥ ಅವಳ ಕಿವಿಗೆ ಚೆನ್ನಾಗಿ ಗೊತ್ತಿತ್ತು.

ಆರಕ್ಕೆ ಹತ್ತು ನಿಮಿಷವಿದ್ದಾಗ ಕಥೆ ಕಣಿವೆಯ ಅಂಚಿಗೆ ಬಂದಿತ್ತು. ಹಗ್ಗದ ಸೇತುವೆ ಹರಿಯುತ್ತಿದೆ. ಮೂವರು ನಡುವೆ ನೇತಾಡುತ್ತಿದ್ದಾರೆ. ಈ ದಡದಲ್ಲಿರುವುದು ಬಿಲ್ಲುಗಾರ್ತಿಯೊಬ್ಬಳೇ, ಹಗ್ಗದ ತುದಿ ಅವಳ ಕೈಯಲ್ಲಿ.

ಆಗಲೇ ಬಾಗಿಲು ತೆರೆಯಿತು.

"ಇವಳೇ, ಏನೋ ಸೀದ ವಾಸನೆ ಬರ್ತಿದೆ."

ಅವಳು ಮೂಗೆಳೆದಳು. ಹಾಲು. ಫ್ಲಾಸ್ಕಿನ ಟೀ ಮುಗಿದು, ಗಂಡ ತಾನೇ ಹಾಲು ಕಾಯಲಿಟ್ಟು, ಟೀವಿಯಲ್ಲಿ ಪಂದ್ಯ ನೋಡಲು ಹೋಗಿ ಮರೆತಿದ್ದ. ವಾಸನೆ ಬಂದದ್ದೇ ಹಾಲ್‌ನಿಂದ ಎದ್ದಿದ್ದ. ಹಾಲ್‌ನಿಂದ ಹಿಂದಿನ ರೂಮಿಗೆ ಬರಬೇಕಾದರೆ ಅಡುಗೆಮನೆಯ ಒಳಗೇ ಹಾದು ಬರಬೇಕು. ಒಲೆಯನ್ನು ಒಂದು ಮೊಳದ ದೂರದಲ್ಲಿ ದಾಟಿ, ಒಲೆಯ ಸುದ್ದಿ ಹೇಳಲು ಬಂದಿದ್ದ.

"ಯಾರೋ ಕರೀತಿದ್ದಾರೆ ಅನಿಸುತ್ತೆ ಮೇಡಂ," ಎಂದರು ಲೆಕ್ಚರರ್.

"ಹೌದು," ಎಂದಳು. ಮೈಕ್ ಮುಚ್ಚಲಿಲ್ಲ. ಕುರ್ಚಿಯ ಮೇಲೆ ಕೈ ಊರಿ ಅರ್ಧ ಎದ್ದಿದ್ದಳು. ಮೊಣಕಾಲು ತಾನಾಗಿ ಎದ್ದುಬಿಟ್ಟಿತ್ತು, ಅದಕ್ಕೆ ಯಾರೂ ಹೇಳಬೇಕಿರಲಿಲ್ಲ. ಇಪ್ಪತ್ತೊಂದು ವರ್ಷದ ರೂಢಿ. ಆ ಮೊಣಕಾಲನ್ನು ಮತ್ತೆ ಮಡಚಲು ಅವಳಿಗೆ ಬೇಕಾದ ಬಲ ಕಣಿವೆಯ ಮೂವರನ್ನೂ ಎಳೆದು ಹಾಕುವಷ್ಟಿತ್ತು. ಕೂತಳು.

"ರೀ, ಒಲೆಗೊಂದು ತಿರುಗಣೆ ಇದೆ. ಬಲಕ್ಕೆ ತಿರುಗಿಸಿ."

"ನಾನಾ?"

"ನೀವೇ ಹಚ್ಚಿದ್ದಲ್ವಾ? ಹಚ್ಚುವಾಗ ಎಡಕ್ಕೆ ತಿರುಗಿಸಿರ್ತೀರಿ. ಅದರ ಉಲ್ಟಾ."

ಗಂಡ ಹಾಲ್ ಕಡೆ ತಿರುಗಿ ಕೂಗಿದ. "ಅಮ್ಮಾ! ಒಲೆ ಮೇಲೆ ಏನೋ ಸೀದು ಹೋಗ್ತಿದೆ, ವಾಸನೆ ಬರಲಿಲ್ವಾ?"

"ನಂಗೆ ನೆಗಡಿ ಕಣೋ," ಎಂದಿತು ಅತ್ತೆಯ ದನಿ, ನೆಗಡಿಯ ಸುಳಿವೇ ಇಲ್ಲದೆ ಸ್ಪಷ್ಟವಾಗಿ. "ಮೂಗು ಪೂರಾ ಕಟ್ಟಿದೆ."

ಹೆಡ್‌ಫೋನಿನಲ್ಲಿ ಯಾರೋ ಕಿಸಕ್ಕೆಂದರು. ಕನ್ನಡಕದವರೋ ಸರ್ವೇಯರೋ ತಿಳಿಯಲಿಲ್ಲ. ಲೆಕ್ಚರರ್ ಮಾತ್ರ ಗಂಟಲು ಸರಿಮಾಡಿಕೊಂಡರು. "ಮೇಡಂ, ಬೇಕಾದ್ರೆ ಹೋಗಿ ಬನ್ನಿ..."

"ನಾನು ಹೋದ್ರೆ ನೀವು ಕಣಿವೆಗೆ ಬೀಳ್ತೀರಿ ಸರ್."

ದಾಳ ಉರುಳಿಸಿದಳು. ಹದಿನಾಲ್ಕು ಬಿತ್ತು. ದೊಡ್ಡ ಪವಾಡವೇನಲ್ಲ, ಆದರೆ ಸಾಕಾಗುವಷ್ಟು. ಬಿಲ್ಲುಗಾರ್ತಿ ಹಗ್ಗವನ್ನು ಮರಕ್ಕೆ ಸುತ್ತಿ ಎಳೆದಳು. ಮೊದಲು ಸರ್ವೇಯರ್ ಬಂದರು, ಆಮೇಲೆ ಕನ್ನಡಕದವರು, ಕೊನೆಗೆ ಸುಟ್ಟ ಗಡ್ಡದ ಖಡ್ಗವೀರ. ಮನೆಯ ತುಂಬ ಹೊಗೆ ಸುಳಿಯಿತು, ಅಡುಗೆಮನೆಯಲ್ಲಿ ಏನೋ ದಡಾರನೆ ಬಿತ್ತು, "ಅಯ್ಯೋ ಬಿಸಿ ಬಿಸಿ!" ಎಂಬ ಕೂಗು ಕೇಳಿತು. ಬಿಸಿ ಎಂಬುದು ಆ ಮನೆಯಲ್ಲಿ ಇನ್ನೊಬ್ಬರಿಗೂ ತಿಳಿದ ಮೊದಲ ದಿನ ಅದು.

ಏಳಕ್ಕೆ ಆಟ ಮುಗಿದಾಗ ಲೆಕ್ಚರರ್, "ಬ್ಯಾಂಕಿನವರಿಗೆ ಬೇರೆ ಟೇಬಲ್ ನೋಡಿ ಮೇಡಂ" ಎಂದಷ್ಟೇ ಹೇಳಿ ಹೋದರು.

ಸೋಮವಾರ ಅವಳು ಕೂತು, ನರ್ಸ್ ಬಿಟ್ಟು ಉಳಿದ ನಲವತ್ತೆಂಟು ಹೆಂಗಸರಿಗೂ ಬರೆದಳು. ಮೂವತ್ತು ಜನ ಉತ್ತರವನ್ನೇ ಕೊಡಲಿಲ್ಲ. ಟೈಲರಮ್ಮ, "ಆಗ ಬೇಡ ಅಂದು ಈಗ ಯಾಕೆ ನೆನಪಾಯ್ತು?" ಎಂದು ನಾಲ್ಕು ಮಾತು ಅಂದಳು. ಅನ್ನಿಸಿಕೊಂಡು, ಯಾವ ವಾರ ಬಿಡುವು ಎಂದು ಟೇಬಲ್ ಅಕ್ಕ ಕೇಳಿದಳು. ಹನ್ನೊಂದು ನದಿಗಳ ಲೆಕ್ಕಿಗರಿಗೆ ಅವಳು ಕಳಿಸಿದ ನಾಲ್ಕು ಹೆಸರೂ ಹೆಂಗಸರದ್ದು.

"ಅಕ್ಕಾ, ಇವರು ಮಧ್ಯೆ ಮಧ್ಯೆ ಎದ್ದು ಹೋಗ್ತಾರಂತಲ್ಲ?"

"ಹೋಗ್ತಾರೆ. ಆ ಹೊತ್ತಲ್ಲಿ ನೀವು ಹನ್ನೆರಡನೇ ನದಿ ಹುಟ್ಟಿಸಿ."

"ಬೇರೆ ಯಾರೂ ಇಲ್ವಾ?"

"ಸದ್ಯಕ್ಕೆ ನಿಮಗೆ ಹೊಂದುವವರು ಬೇರೆ ಯಾರೂ ಇಲ್ಲ ಸರ್."

ಸೀದ ಪಾತ್ರೆ ಸಿಂಕಿನಲ್ಲಿತ್ತು. ಗಂಡ ಭಾನುವಾರವೇ ಅದಕ್ಕೆ ನೀರು ತುಂಬಿ, "ನೆನೆಯೋಕೆ ಹಾಕಿದ್ದೀನಿ" ಎಂದು ಇಡೀ ಪಾತ್ರೆ ತೊಳೆದವನ ಗತ್ತಿನಲ್ಲಿ ಹೇಳಿದ್ದ. ಸೋಮವಾರ ನೆನೆಯಿತು. ಮಂಗಳವಾರ ನೆನೆಯಿತು. ಅವಳು ಅದರ ಸುತ್ತಲಿನ ಪಾತ್ರೆಗಳನ್ನೆಲ್ಲ ತೊಳೆದಳು, ಅದನ್ನು ಎತ್ತಿ ಪಕ್ಕಕ್ಕಿಟ್ಟು ಸಿಂಕ್ ತೊಳೆದು ಮತ್ತೆ ಅಲ್ಲೇ ಇಟ್ಟಳು. ಗುರುವಾರದ ಹೊತ್ತಿಗೆ ನೀರಿನ ಮೇಲೆ ಕಂದು ಪದರವೊಂದು ಕಟ್ಟಿತ್ತು. ಅತ್ತೆ ದಿನಕ್ಕೊಮ್ಮೆ ಹೋಗಿ ನೋಡಿ, ಯಾವುದೋ ಧಾರಾವಾಹಿಯ ಕಂತು ನೋಡಿದಷ್ಟೇ ಆಸಕ್ತಿಯಿಂದ ಮರಳುತ್ತಿದ್ದರು.

ಮುಂದಿನ ಭಾನುವಾರ ನಾಲ್ಕಕ್ಕೆ ಐದು ನಿಮಿಷವಿರುವಾಗ ಗಂಡ ಅಡುಗೆಮನೆಯಲ್ಲಿ ನಿಂತಿದ್ದ. ಟೀಗೆ ಹಾಲು ಕಾಯಿಸಲು ಬೇರೆ ಪಾತ್ರೆ ಖಾಲಿ ಇರಲಿಲ್ಲ.

"ಅಲ್ಲ ಕಣೇ, ಇದು ಇನ್ನೂ ಇಲ್ಲೇ ಇದೆ?"

"ಹೂಂ ರೀ. ನಾನೂ ನೋಡ್ತಾನೇ ಇದ್ದೀನಿ," ಎಂದು ಅವಳು ಹಿಂದಿನ ರೂಮಿಗೆ ನಡೆದಳು.

ಹೆಡ್‌ಫೋನ್ ಕಿವಿಗೆ ಕೂರುವ ಮೊದಲು ಸಿಂಕಿನ ನೀರು ಚೆಲ್ಲಿದ ಸದ್ದು ಕೇಳಿಸಿತು. ಆಮೇಲೆ ಗೋಡೆಯಾಚೆಯಿಂದ ಪ್ರಶ್ನೆ ಬಂತು. "ಇದನ್ನ ಯಾವುದರಲ್ಲಿ ಉಜ್ಜೋದೇ?"

ಪರದೆಯ ಮೇಲೆ ನರ್ಸ್ ಹಾಜರಿ ಕೇಳುತ್ತಿದ್ದಳು. "ಬಿಲ್ಲುಗಾರ್ತಿ ಇದ್ದಾಳಾ?"

"ಇದ್ದಾಳೆ," ಎಂದಳು ಟೇಬಲ್ ಅಕ್ಕ.